ರಾತ್ರಿ ಜೋಮು ಹಿಡಿಯುವ ಕೈ: ಶಸ್ತ್ರಚಿಕಿತ್ಸೆಗೆ ಮುನ್ನ ಏನೇನು ಮಾಡಬಹುದು?

ರಾಯಚೂರು ಜಿಲ್ಲೆಯಲ್ಲಿ ಹತ್ತಿ ಬಿಡಿಸುವ ಕೆಲಸ ಅಕ್ಟೋಬರ್ ಹೊತ್ತಿಗೆ ಆರಂಭವಾದರೆ ಜನವರಿಯವರೆಗೂ, ಕೆಲವೆಡೆ ಅದರ ನಂತರವೂ ನಡೆಯುತ್ತದೆ. ಆ ತಿಂಗಳುಗಳಲ್ಲಿ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಂದ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಡುವವರಲ್ಲಿ ಹೆಚ್ಚಿನವರು ಮಹಿಳೆಯರು. ಹತ್ತಿ ಬಿಡಿಸುವುದಕ್ಕೆ ಕೂಲಿ ಹಲವು ಕಡೆ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಬೆರಳು ಬೇಗ ಆಡಿದರೆ ಕೂಲಿ ಹೆಚ್ಚು, ನಿಧಾನವಾದರೆ ಕಡಿಮೆ. ಹೀಗೆ ದುಡಿಯುವ ಮಹಿಳೆಗೆ ನಡುರಾತ್ರಿ ಕೈ ಜುಮುಜುಮು ಎಂದು ಎಚ್ಚರವಾಗತೊಡಗಿದರೆ, ಬೆಳಗ್ಗೆ ಚಹಾದ ಕಪ್ಪು ಕೈಯಿಂದ ಜಾರತೊಡಗಿದರೆ, ಅದು ಮನೆಯ ಆದಾಯಕ್ಕೇ ಬಂದ ಕುತ್ತು.

ನಮ್ಮ ಓದುಗರಲ್ಲಿ ಹಲವರು ಕರಾವಳಿಯವರು. ಆದರೂ ರಾಯಚೂರಿನ ಮಾತನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ ಆ ಜಿಲ್ಲೆಗೆ ಇಲ್ಲಿಂದ ಹೋಗಿ ಸೇವೆ ಸಲ್ಲಿಸುವ ಗುರುಗಳೂ ಧರ್ಮಭಗಿನಿಯರೂ ಇದ್ದಾರೆ. ಮಾನ್ವಿಯಲ್ಲಿ ಜೆಸ್ವಿತರು ನಡೆಸುವ ಲೊಯೊಲಾ ವಿದ್ಯಾಸಂಸ್ಥೆಯ ಹೆಸರು ಇಲ್ಲಿನ ಹಲವು ಮನೆಗಳಿಗೆ ಪರಿಚಿತ. ಹಳ್ಳಿಯಲ್ಲಿ ಸ್ವಸಹಾಯ ಸಂಘದ ಸಭೆ ಮುಗಿಸಿ ಏಳುವ ಹೊತ್ತಿಗೆ "ಸಿಸ್ಟರ್, ಕೈಗೆ ಏನಾದರೂ ಔಷಧ ಇದೆಯೇ?" ಎಂಬ ಪ್ರಶ್ನೆ ಎದುರಾಗುವುದು ಇಂಥವರಿಗೇ. ಇನ್ನು ಬೀಡಿ ಕಟ್ಟುವ, ಗೇರುಬೀಜ ಕಾರ್ಖಾನೆಗೆ ಹೋಗುವ, ಹೊಲಿಗೆ ಯಂತ್ರದ ಮುಂದೆ ಕೂರುವ ತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾರಲ್ಲ. ಕಾಯಿಲೆ ಎರಡೂ ಕಡೆ ಒಂದೇ.

ಈ ತೊಂದರೆಗೆ ವೈದ್ಯರು ಕೊಟ್ಟಿರುವ ಹೆಸರು ಕಾರ್ಪಲ್ ಟನಲ್ ಸಿಂಡ್ರೋಮ್. ಕನ್ನಡದಲ್ಲಿ ಮಣಿಕಟ್ಟಿನ ಸುರಂಗದ ತೊಂದರೆ ಎನ್ನಬಹುದು. ಅಂಗೈ ಆರಂಭವಾಗುವಲ್ಲಿ, ಮಣಿಕಟ್ಟಿನ ಒಳಬದಿಯಲ್ಲಿ, ಸಣ್ಣ ಮೂಳೆಗಳು ಕಮಾನಿನಂತೆ ನಿಂತಿವೆ. ಆ ಕಮಾನಿನ ಬಾಯಿಗೆ ಅಡ್ಡಲಾಗಿ ಗಟ್ಟಿಯಾದ ಪಟ್ಟಿಯೊಂದು ಬಿಗಿದುಕೊಂಡಿದೆ. ಹೀಗೆ ಉಂಟಾದ ಇಕ್ಕಟ್ಟಿನ ದಾರಿಯೊಳಗೆ ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳು ಹಾದುಹೋಗುತ್ತವೆ. ಅವುಗಳ ಜೊತೆಗೆ ಮೀಡಿಯನ್ ಎಂಬ ಒಂದು ನರವೂ ಹೋಗುತ್ತದೆ. ಮೂಳೆಯೂ ಹಿಗ್ಗದು, ಪಟ್ಟಿಯೂ ಹಿಗ್ಗದು. ರಜ್ಜುಗಳ ಸುತ್ತಲಿನ ಪೊರೆ ಸ್ವಲ್ಪ ಊದಿಕೊಂಡರೂ ಒತ್ತಡ ಬೀಳುವುದು ಎಲ್ಲಕ್ಕಿಂತ ಮೃದುವಾಗಿರುವ ಆ ನರದ ಮೇಲೆ.

ಈ ಒತ್ತಡವನ್ನು ಅಳೆದು ನೋಡಿದವರಿದ್ದಾರೆ. 1981ರಲ್ಲಿ ಅಮೆರಿಕದ ಗೆಲ್ಬರ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಳತೆಗಳ ಪ್ರಕಾರ, ಆರೋಗ್ಯವಂತರ ಮಣಿಕಟ್ಟು ನೇರವಾಗಿರುವಾಗ ಸುರಂಗದೊಳಗಿನ ಒತ್ತಡ ಸರಾಸರಿ ಸುಮಾರು 2.5 ಮಿಲಿಮೀಟರ್ ಪಾದರಸ. ಈ ತೊಂದರೆ ಇರುವವರಲ್ಲಿ ಅದು ಸುಮಾರು 32. ಅವರೇ ಮಣಿಕಟ್ಟನ್ನು ಒಳಗೆ ಬಗ್ಗಿಸಿದರೆ ಸುಮಾರು 94, ಹಿಂದಕ್ಕೆ ಬಗ್ಗಿಸಿದರೆ ಸುಮಾರು 110. ಈ ನಾಲ್ಕು ಅಂಕಿಗಳನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಾವು ಹೇಳಲಿರುವ ಚಿಕಿತ್ಸೆಯಲ್ಲಿ ಅರ್ಧಪಾಲು ಇವುಗಳಲ್ಲೇ ಅಡಗಿದೆ. ನಿದ್ದೆಯಲ್ಲಿ ನಾವು ಕೈಯನ್ನು ಮಡಿಸಿ ಕೆನ್ನೆಯ ಕೆಳಗೋ ಎದೆಯ ಬಳಿಯೋ ಇಟ್ಟುಕೊಂಡು ಮಲಗುತ್ತೇವೆ. ಹಗಲಿಡೀ ದುಡಿದು ಊದಿಕೊಂಡ ಮಣಿಕಟ್ಟು ರಾತ್ರಿ ಗಂಟೆಗಟ್ಟಲೆ ಬಗ್ಗಿಕೊಂಡೇ ಇರುತ್ತದೆ. ಆದ್ದರಿಂದಲೇ ಈ ಕಾಯಿಲೆ ಮೊದಲು ತೋರುವುದು ರಾತ್ರಿಯಲ್ಲಿ.

ಇದನ್ನು ಗುರುತಿಸುವುದು ಬಹಳ ಕಷ್ಟವಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರದ ಬೆರಳಿನ ಅರ್ಧಭಾಗದಲ್ಲಿ ಜೋಮು, ಉರಿ, ಸೂಜಿ ಚುಚ್ಚಿದಂಥ ಅನುಭವ ಆಗುತ್ತದೆ. ಕಿರುಬೆರಳಿಗೆ ಬೇರೆ ನರವಿರುವುದರಿಂದ ಅದಕ್ಕೆ ಏನೂ ಆಗುವುದಿಲ್ಲ. ಎಚ್ಚರವಾದ ಕೂಡಲೇ ಕೈಯನ್ನು ಕೊಡವಿದರೆ, ಮಂಚದಿಂದ ಕೆಳಗೆ ಇಳಿಬಿಟ್ಟರೆ ಹಾಯೆನಿಸುತ್ತದೆ. ಎರಡೂ ಕೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳುಗಳು ನೆಲದ ಕಡೆ ಇರುವಂತೆ ಮಣಿಕಟ್ಟನ್ನು ಬಗ್ಗಿಸಿ 1 ನಿಮಿಷ ಹಿಡಿದು ನೋಡಬಹುದು. ಅಷ್ಟರೊಳಗೆ ಆ ಬೆರಳುಗಳಲ್ಲೇ ಜೋಮು ಬಂದರೆ ಸಂಶಯ ಬಲವಾಗುತ್ತದೆ. ಅಮೆರಿಕದ ಕೈ ಶಸ್ತ್ರವೈದ್ಯ ಜಾರ್ಜ್ ಫೇಲನ್ ಅವರ ಹೆಸರಿನಲ್ಲಿ ಇಂದಿಗೂ ಬಳಕೆಯಲ್ಲಿರುವ ಪರೀಕ್ಷೆ ಇದು. ಯಂತ್ರ ಬೇಡ, ಹಣ ಬೇಡ, ಹಳ್ಳಿಯ ಜಗಲಿಯ ಮೇಲೆ ಕುಳಿತೇ ಮಾಡಬಹುದು. ನಿಖರವಾಗಿ ತಿಳಿಯಬೇಕಾದಾಗ ದೊಡ್ಡ ಆಸ್ಪತ್ರೆಯಲ್ಲಿ ನರದ ವೇಗವನ್ನು ಅಳೆಯುವ ಪರೀಕ್ಷೆ ಮಾಡುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅಲ್ಟ್ರಾಸೌಂಡ್ ಮೂಲಕವೂ ನರದ ಊತವನ್ನು ನೋಡುತ್ತಾರೆ.

ಆದರೆ ಕೈ ಜೋಮು ಎಂದರೆಲ್ಲ ಇದೇ ಕಾಯಿಲೆಯಲ್ಲ. ಜೋಮು ಕಿರುಬೆರಳಿನಲ್ಲೇ ಹೆಚ್ಚಾಗಿದ್ದರೆ ತೊಂದರೆ ಮೊಣಕೈಯ ಬಳಿ ಇರುವ ಇನ್ನೊಂದು ನರದ್ದಾಗಿರಬಹುದು. ಕತ್ತು ತಿರುಗಿಸಿದಾಗ ಭುಜದಿಂದ ಕೆಳಗೆ ನೋವು ಹರಿದರೆ ಕತ್ತಿನ ಮೂಳೆಯನ್ನು ನೋಡಿಸಬೇಕು. ಎರಡೂ ಪಾದಗಳಲ್ಲಿ ಮೊದಲು ಜೋಮು ಬಂದು ಆಮೇಲೆ ಕೈಗೆ ಬಂದಿದ್ದರೆ ಸಕ್ಕರೆ ಕಾಯಿಲೆಯ ಸಂಶಯ ಪಡಬೇಕು. ಒಂದು ಕೈ ಮತ್ತು ಅದೇ ಬದಿಯ ಕಾಲು ಅಥವಾ ಮುಖ ಇದ್ದಕ್ಕಿದ್ದಂತೆ ಮರಗಟ್ಟಿದರೆ ಅದು ಪಾರ್ಶ್ವವಾಯು ಆಗಿರಬಹುದು. ಆಗ ಒಂದು ಗಳಿಗೆಯೂ ಕಾಯಬಾರದು.

ಇವೆಲ್ಲಕ್ಕಿಂತ ಮುಖ್ಯವಾಗಿ ಕುಷ್ಠರೋಗವನ್ನು ಮರೆಯಬಾರದು. ಭಾರತವು 2005ರ ಡಿಸೆಂಬರ್‌ನಲ್ಲಿ 10,000 ಜನರಿಗೆ 1ಕ್ಕಿಂತ ಕಡಿಮೆ ರೋಗಿಗಳೆಂಬ ಮಟ್ಟವನ್ನು ತಲುಪಿತು. ಹಾಗೆಂದು ರೋಗ ಇಲ್ಲವಾಗಿಲ್ಲ, ಹೊಸ ರೋಗಿಗಳು ಪ್ರತಿವರ್ಷ ಪತ್ತೆಯಾಗುತ್ತಲೇ ಇದ್ದಾರೆ. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಾಸಲು ಮಚ್ಚೆ, ಮೊಣಕೈಯ ಹಿಂದೆ ಹಗ್ಗದಂತೆ ಕೈಗೆ ಸಿಗುವ ದಪ್ಪ ನರ, ಗೊತ್ತಾಗದೆ ಆದ ಸುಟ್ಟಗಾಯ, ಇವು ಕಂಡರೆ ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಕಳುಹಿಸಬೇಕು. ಔಷಧ ಸಂಪೂರ್ಣ ಉಚಿತ. ರೋಗದ ಬಗೆಗೆ ತಕ್ಕಂತೆ 6 ಅಥವಾ 12 ತಿಂಗಳು ಸೇವಿಸಿದರೆ ಗುಣವಾಗುತ್ತದೆ. 1890ರಲ್ಲಿ ಫಾದರ್ ಮುಲ್ಲರ್ ಅವರು ಮಂಗಳೂರಿನ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗಾಗಿ ಆಸರೆ ತೆರೆದ ಕಾಲದಲ್ಲಿ ಇಂಥ ಔಷಧ ಇರಲಿಲ್ಲ. ಅಂದಿನ ಹೆದರಿಕೆ ಮಾತ್ರ ಇಂದಿಗೂ ಊರೂರುಗಳಲ್ಲಿ ಉಳಿದಿದೆ. ಕೈ ಜೋಮು ಹಿಡಿದ ಮಹಿಳೆ ಬಾಯಿಬಿಟ್ಟು ಹೇಳದೆ ವರ್ಷಗಟ್ಟಲೆ ಸಹಿಸಿಕೊಳ್ಳುವುದಕ್ಕೆ ಈ ಹೆದರಿಕೆಯೂ ಒಂದು ಕಾರಣ ಎಂದು ನಾವು ಭಾವಿಸುತ್ತೇವೆ. ಆದ್ದರಿಂದ ಈ ಪ್ರಶ್ನೆಯನ್ನು ಸಭೆಯ ನಡುವೆ ಕೇಳಬಾರದು, ಒಬ್ಬರೇ ಇದ್ದಾಗ ಕೇಳಬೇಕು.

ಇನ್ನು ಈ ತೊಂದರೆ ಯಾರಿಗೆ ಬರುತ್ತದೆ? ಪುರುಷರಿಗಿಂತ ಮಹಿಳೆಯರಿಗೆ ಹೆಚ್ಚು, ಅದರಲ್ಲೂ 40 ದಾಟಿದವರಿಗೆ ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಸಂಧಿವಾತ, ಬೊಜ್ಜು, ಗರ್ಭಾವಸ್ಥೆ ಇವು ದಾರಿ ಮಾಡಿಕೊಡುತ್ತವೆ. ಇವುಗಳ ಜೊತೆಗೆ ಕೆಲಸ. ಮಣಿಕಟ್ಟು ಬಗ್ಗಿಸಿಕೊಂಡು, ಬಲಹಾಕಿ, ಒಂದೇ ಚಲನೆಯನ್ನು ಸಾವಿರಾರು ಸಲ ಮಾಡುವ ಕೆಲಸಗಳಲ್ಲಿ ಇದು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಕಂಪ್ಯೂಟರ್ ಕೀಲಿಮಣೆಯಿಂದಲೇ ಇದು ಬರುತ್ತದೆ ಎಂಬ ಮಾತು ಪೇಟೆಗಳಲ್ಲಿ ಜನಜನಿತವಾಗಿದೆ. ಆದರೆ ಅದಕ್ಕೆ ಇರುವ ಆಧಾರ, ಬಲಹಾಕಿ ದುಡಿಯುವ ಕೈಕೆಲಸಕ್ಕೆ ಇರುವ ಆಧಾರದಷ್ಟು ಗಟ್ಟಿಯಲ್ಲ. ಕಚೇರಿಯವರ ಕಾಯಿಲೆ ಎಂದು ಪತ್ರಿಕೆಗಳಲ್ಲಿ ಓದಿ ಓದಿ, ಹೊಲದಲ್ಲಿ ದುಡಿಯುವವರ ಕೈಯನ್ನು ನಾವೆಲ್ಲ ಮರೆತಂತಿದೆ.

ರಾಯಚೂರು ಸೀಮೆಯಲ್ಲಿ ಒಬ್ಬ ಮಹಿಳೆಯ ಒಂದು ದಿನವನ್ನೇ ಯೋಚಿಸಿ. ಬೆಳಗಿನ ಜಾವ ಎದ್ದು ಜೋಳದ ರೊಟ್ಟಿ ಬಡಿಯಬೇಕು. ಹಿಟ್ಟನ್ನು ಅಂಗೈಯ ಬುಡದಿಂದ ಒತ್ತಿ ನಾದಿ, ಆಮೇಲೆ ಬೆರಳು ಚಾಚಿ ತಟ್ಟಿ ತಟ್ಟಿ ತೆಳ್ಳಗೆ ಮಾಡಬೇಕು. ಒತ್ತಡ ಬೀಳುವುದು ಸುರಂಗದ ಬಾಗಿಲಿನ ಮೇಲೆಯೇ. ಮನೆಮಂದಿಗೆ ಬೇಕಾದಷ್ಟು ಒಂದು ಲೆಕ್ಕ. ಖಾನಾವಳಿಗೆ, ಮದುವೆ ಮನೆಗೆ ರೊಟ್ಟಿ ಬಡಿದು ಕೊಡುವವರದು ಇನ್ನೊಂದು ಲೆಕ್ಕ, ಅವರು ನೂರರ ಲೆಕ್ಕದಲ್ಲಿ ಬಡಿಯುತ್ತಾರೆ. ಆಮೇಲೆ ಹೊಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವ ಮಾನ್ವಿ ಕಡೆ ಭತ್ತದ ನಾಟಿ, ಕಳೆ. ನಾರಾಯಣಪುರ ಬಲದಂಡೆ ಕಾಲುವೆ ಬಂದಿರುವ ದೇವದುರ್ಗದ ಕಡೆಯೂ ಹತ್ತಿ, ಮೆಣಸಿನಕಾಯಿ, ಭತ್ತ. ಹತ್ತಿ ಬಿಡಿಸುವಾಗ ಮೂರು ಬೆರಳುಗಳಿಂದ ಚಿವುಟಿ ಎಳೆಯುವ ಚಲನೆ, ಕಳೆ ತೆಗೆಯುವಾಗ ಮುಷ್ಟಿ ಬಿಗಿದು ಕೆರೆಯುವ ಚಲನೆ. ಸಂಜೆ ಬಟ್ಟೆ ಹಿಂಡುವುದು, ಕೊಡ ಎತ್ತುವುದು ಇದ್ದೇ ಇದೆ. ರಾಯಚೂರು ನಗರದಲ್ಲಾದರೆ ರಾಜೇಂದ್ರ ಗಂಜ್‌ನಲ್ಲಿ ಚೀಲಕ್ಕೆ ಕೊಕ್ಕೆ ಹಾಕಿ ಎಳೆಯುವ ಹಮಾಲರು, ಅಕ್ಕಿ ಗಿರಣಿ ಮತ್ತು ಹತ್ತಿ ಜಿನ್ನಿಂಗ್ ಕಾರ್ಖಾನೆಗಳ ಕೆಲಸಗಾರರು, ದರ್ಜಿಗಳು ಇದ್ದಾರೆ.

ಜೋಮು ಆರಂಭವಾದಾಗ ಸಾಮಾನ್ಯವಾಗಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಹತ್ತಿರದ ಕ್ಲಿನಿಕ್ಕಿಗೆ ಹೋದರೆ "ನರ ವೀಕಾಗಿದೆ" ಎಂದು ಕೆಂಪು ಬಣ್ಣದ ಸೂಜಿ, ನೋವಿನ ಮಾತ್ರೆ, ಒಂದು ಬಾಟಲಿ ಟಾನಿಕ್ ಕೊಡುತ್ತಾರೆ. ಒಂದೆರಡು ದಿನ ಹಾಯೆನಿಸಿ ಮತ್ತೆ ಅದೇ ಕಥೆ. ಈ ವಿಷಯದಲ್ಲಿ ನಾವು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಸುರಂಗದಲ್ಲಿ ಸಿಕ್ಕಿಕೊಂಡ ನರಕ್ಕೆ ಬೇಕಾದದ್ದು ಜಾಗ, ಟಾನಿಕ್ ಅಲ್ಲ. ಬಿ6 ಜೀವಸತ್ವ ಈ ತೊಂದರೆಗೆ ಪ್ರಯೋಜನಕಾರಿ ಎಂದು ಪರೀಕ್ಷೆಗಳಲ್ಲಿ ರುಜುವಾತಾಗಿಲ್ಲ. ಅದನ್ನು ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ಸೇವಿಸಿದರೆ ಅದೇ ನರಗಳಿಗೆ ಹಾನಿಮಾಡಿ ಜೋಮು ತರುತ್ತದೆ! ಬಿ12 ಕೊರತೆ ರಕ್ತಪರೀಕ್ಷೆಯಲ್ಲಿ ಕಂಡವರಿಗೆ ಬಿ12 ಕೊಡುವುದು ಸರಿ. ಸಾಮಾನ್ಯ ನೋವಿನ ಮಾತ್ರೆಗಳೂ ಈ ಕಾಯಿಲೆಯಲ್ಲಿ ಬರಿಯ ಸಕ್ಕರೆ ಮಾತ್ರೆಗಿಂತ ಹೆಚ್ಚಿನ ಫಲ ಕೊಟ್ಟಿಲ್ಲ. ಅವನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ ಬರಬಹುದು. ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ ಮಾತ್ರೆಯೂ ಈ ಕಾಯಿಲೆಯ ಪರೀಕ್ಷೆಯಲ್ಲಿ ವಿಶೇಷ ಪ್ರಯೋಜನ ತೋರಲಿಲ್ಲ. ಇದಕ್ಕೆಲ್ಲ ಖರ್ಚಾಗುವ ದುಡ್ಡಿಗಿಂತ ದೊಡ್ಡ ನಷ್ಟ ಕಳೆದುಹೋಗುವ ಕಾಲದ್ದು. ಒತ್ತಡದಲ್ಲಿರುವ ನರ ತಿಂಗಳಿಂದ ತಿಂಗಳಿಗೆ ಸೊರಗುತ್ತಾ ಹೋಗುತ್ತದೆ.

ಹಾಗಾದರೆ ಮೊದಲು ಮಾಡಬೇಕಾದದ್ದೇನು? ರಾತ್ರಿ ಮಣಿಕಟ್ಟನ್ನು ನೇರವಾಗಿ ಇಡುವ ಪಟ್ಟಿ ಕಟ್ಟಿಕೊಂಡು ಮಲಗುವುದು. ಸ್ಪ್ಲಿಂಟ್ ಎಂಬ ಹೆಸರಿನಲ್ಲಿ ಇದು ಔಷಧದ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಂಗೈಯ ನಡುವಿನಿಂದ ಮುಂಗೈಯ ಅರ್ಧದವರೆಗೆ ಬಂದರೆ ಸಾಕು. ಬೆರಳುಗಳೂ ಹೆಬ್ಬೆರಳೂ ಆಡುವಂತಿರಬೇಕು. ಇಲ್ಲಿ ಒಂದು ಎಚ್ಚರಿಕೆ: ಅಂಗಡಿಯ ಹಲವು ಪಟ್ಟಿಗಳ ಒಳಗಿರುವ ಲೋಹದ ತಗಡು ಕೈಯನ್ನು ಹಿಂದಕ್ಕೆ ಬಾಗಿಸಿ ಹಿಡಿಯುವಂತೆ ಮಾಡಲಾಗಿರುತ್ತದೆ. ಮೇಲೆ ಹೇಳಿದ ಅಂಕಿಗಳನ್ನು ನೆನಪಿಸಿಕೊಳ್ಳಿ, ಹಿಂದಕ್ಕೆ ಬಾಗಿದರೂ ಒತ್ತಡ ಏರುತ್ತದೆ. ಆದ್ದರಿಂದ ತಗಡನ್ನು ಹೊರತೆಗೆದು, ಮೇಜಿನ ಮೇಲಿಟ್ಟು ನೇರ ಮಾಡಿ, ಮತ್ತೆ ಒಳಗೆ ಸೇರಿಸಬೇಕು. ಇಷ್ಟು ಚಿಕ್ಕ ಕೆಲಸವನ್ನು ಯಾರೂ ಹೇಳಿಕೊಡದೆ "ಪಟ್ಟಿ ಹಾಕಿದೆ, ಗುಣ ಕಾಣಲಿಲ್ಲ" ಎಂದು ಬಿಟ್ಟವರು ಇರಬಹುದು.

ಪಟ್ಟಿ ಕೊಳ್ಳಲು ಆಗದವರು ಅದು ಸಿಗುವ ತನಕ ಮನೆಯಲ್ಲೇ ಒಂದು ಏರ್ಪಾಡು ಮಾಡಿಕೊಳ್ಳಬಹುದು. ಒಂದು ಗೇಣು ಉದ್ದದ, ಅಂಚು ನಯಮಾಡಿದ ಬಿದಿರಿನ ದಬ್ಬೆ ಅಥವಾ ಮರದ ಅಡಿಕೋಲಿಗೆ ಹಳೆ ಸೀರೆಯ ಬಟ್ಟೆಯನ್ನು ದಪ್ಪಗೆ ಸುತ್ತಬೇಕು. ಅದನ್ನು ಮುಂಗೈ ಮತ್ತು ಅಂಗೈಯ ಒಳಬದಿಗೆ ಇಟ್ಟು, ಅಗಲವಾದ ಬಟ್ಟೆಯಿಂದ ಸಡಿಲವಾಗಿ ಕಟ್ಟಬೇಕು. ಬಿಗಿಯಾಗಿ ಕಟ್ಟಿದರೆ ಅದೇ ಇನ್ನೊಂದು ಒತ್ತಡವಾಗುತ್ತದೆ. ಬೆರಳು ತಣ್ಣಗಾದರೆ, ಬಣ್ಣ ಬದಲಾದರೆ ಕೂಡಲೇ ಬಿಚ್ಚಬೇಕು. ಸ್ಪರ್ಶ ಕಡಿಮೆಯಾಗಿರುವವರು ಬೆಳಗ್ಗೆ ಚರ್ಮ ಕೆಂಪಾಗಿದೆಯೇ, ಗಾಯವಾಗಿದೆಯೇ ಎಂದು ನೋಡಿಕೊಳ್ಳಲೇಬೇಕು.

ಪಟ್ಟಿಯನ್ನು ಕನಿಷ್ಠ 6 ವಾರ ಪ್ರತಿರಾತ್ರಿ ಕಟ್ಟಬೇಕು. ಮೊದಲ ವಾರ ಕಿರಿಕಿರಿ ಎನಿಸುವುದು ಸಹಜ. ನಾಲ್ಕು ದಿನ ಕಟ್ಟಿ ಬಿಡುವುದರಿಂದ ಏನೂ ಆಗದು. ಹಗಲಿನಲ್ಲಿ ಕಟ್ಟುವುದು ಕಡ್ಡಾಯವಲ್ಲ ಎಂಬುದು ಕೂಲಿ ಮಾಡುವವರಿಗೆ ದೊಡ್ಡ ಅನುಕೂಲ. ಕೆಲಸ ಬಿಡಬೇಕಿಲ್ಲ, ಆಸ್ಪತ್ರೆಗೆ ಅಲೆಯಬೇಕಿಲ್ಲ, ಮಲಗುವಾಗ ಕಟ್ಟಿ ಎದ್ದಾಗ ಬಿಚ್ಚಿದರಾಯಿತು. 2023ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಪರಿಶೀಲನೆಯು ಈ ಪಟ್ಟಿಯ ಬಗ್ಗೆ ಅತಿಯಾಗಿ ಹೊಗಳಿಲ್ಲ. ಆಧಾರ ಇನ್ನೂ ಗಟ್ಟಿಯಾಗಬೇಕು, ಆದರೆ ರಾತ್ರಿ ಪಟ್ಟಿ ಕಟ್ಟಿದವರಲ್ಲಿ ಗುಣ ಕಂಡವರು ಹೆಚ್ಚಿರಬಹುದು, ಹಾನಿ ತೀರಾ ಕಡಿಮೆ ಎಂಬುದು ಅದರ ಸಾರ. ಅಗ್ಗವಾದ, ಅಪಾಯವಿಲ್ಲದ, ಮನೆಯಲ್ಲೇ ಮಾಡಬಹುದಾದ ಉಪಾಯಕ್ಕೆ ಅಷ್ಟು ಆಧಾರವಿದ್ದರೆ ಅದನ್ನೇ ಮೊದಲು ಮಾಡಬೇಕು ಎನ್ನುವುದು ನಮ್ಮ ಅಭಿಪ್ರಾಯ. ಕಾಯಿಲೆ ಹೊಸದಿದ್ದಾಗ ಫಲ ಹೆಚ್ಚು, ಹಳತಾದಂತೆ ಕಡಿಮೆ.

ಎರಡನೆಯ ಉಪಾಯ ಸ್ಟಿರಾಯ್ಡ್ ಚುಚ್ಚುಮದ್ದು. ಸ್ಟಿರಾಯ್ಡ್ ಎಂದ ಕೂಡಲೇ ನಮ್ಮ ಜನ ಬೆಚ್ಚಿಬೀಳುತ್ತಾರೆ. ಆದರೆ ಮಣಿಕಟ್ಟಿನ ಸುರಂಗದೊಳಗೆ ಒಂದೇ ಸಲ, ಸಣ್ಣ ಪ್ರಮಾಣದಲ್ಲಿ, ತಿಳಿದ ವೈದ್ಯರು ಕೊಡುವ ಚುಚ್ಚುಮದ್ದು ಬೇರೆ. ಸೊಂಟಕ್ಕೆ ಕೊಡುವ ಹೆಸರಿಲ್ಲದ "ಪವರ್ ಸೂಜಿ" ಬೇರೆ. ಮೊದಲನೆಯದು ಊತವನ್ನು ಇಳಿಸಿ ನರಕ್ಕೆ ಜಾಗ ಮಾಡಿಕೊಡುತ್ತದೆ. ಬ್ರಿಟನ್ನಿನಲ್ಲಿ 234 ರೋಗಿಗಳ ಮೇಲೆ ನಡೆದು 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕೆಲವರಿಗೆ ಒಂದು ಚುಚ್ಚುಮದ್ದು, ಉಳಿದವರಿಗೆ 6 ವಾರ ರಾತ್ರಿ ಪಟ್ಟಿ ಕೊಡಲಾಯಿತು. 6 ವಾರದ ಹೊತ್ತಿಗೆ ಚುಚ್ಚುಮದ್ದು ಪಡೆದವರು ಹೆಚ್ಚು ಆರಾಮವಾಗಿದ್ದರು. 6 ತಿಂಗಳಿಗೆ ನೋಡಿದರೆ ಇಬ್ಬರಲ್ಲೂ ವ್ಯತ್ಯಾಸ ಉಳಿದಿರಲಿಲ್ಲ.

ಹತ್ತಿ ಬಿಡಿಸುವವರಿಗೆ ಇದರಲ್ಲಿ ಒಂದು ವಿಶೇಷ ಅರ್ಥವಿದೆ. ಹಂಗಾಮಿನ ನಡುವೆ ಕೈ ಕೆಟ್ಟರೆ ಆ 6 ವಾರಗಳೇ ವರ್ಷದ ದುಡಿಮೆ. ಅಂಥವರಿಗೆ ಬೇಗ ಫಲ ಕೊಡುವ ಚುಚ್ಚುಮದ್ದನ್ನು ಮೊದಲೇ ಪಡೆಯುವುದು ತಪ್ಪಲ್ಲ. ಅವಸರವಿಲ್ಲದವರು ಪಟ್ಟಿಯಿಂದ ಆರಂಭಿಸಬಹುದು. ಚುಚ್ಚುಮದ್ದು ಶಾಶ್ವತ ಪರಿಹಾರ ಎಂದೂ ತಿಳಿಯಬಾರದು. ಪಟ್ಟಿಯಿಂದ ಗುಣವಾಗದೆ ಇದ್ದ 111 ಮಂದಿಯ ಮೇಲೆ ಸ್ವೀಡನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯನ್ನು ನೋಡಿ. 80 ಮಿಲಿಗ್ರಾಂ ಚುಚ್ಚುಮದ್ದು ಪಡೆದವರಲ್ಲಿಯೂ 1 ವರ್ಷದೊಳಗೆ 100ಕ್ಕೆ 73 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಔಷಧವಿಲ್ಲದ ಸೂಜಿ ಪಡೆದವರಲ್ಲಿ ಅದು 100ಕ್ಕೆ 92. ಅಂದರೆ ಕೆಲವರಿಗೆ ಶಸ್ತ್ರಚಿಕಿತ್ಸೆ ತಪ್ಪುತ್ತದೆ, ಹಲವರಿಗೆ ಮುಂದೆ ಹೋಗುತ್ತದೆ. ಪಟ್ಟಿಯಿಂದಲೇ ಗುಣವಾದವರು ಈ ಲೆಕ್ಕದಲ್ಲಿ ಇಲ್ಲ ಎಂಬುದನ್ನು ಮರೆಯಬಾರದು.

ಸೂಜಿ ನೇರವಾಗಿ ನರಕ್ಕೆ ತಾಗಿದರೆ ಹಾನಿಯಾಗುತ್ತದೆ. ಆದ್ದರಿಂದ ಇದನ್ನು ಮೂಳೆ ತಜ್ಞರು ಅಥವಾ ಇದರಲ್ಲಿ ಪಳಗಿದ ವೈದ್ಯರೇ ಕೊಡಬೇಕು. ಚುಚ್ಚುವಾಗ ಬೆರಳಿಗೆ ಕರೆಂಟ್ ಹೊಡೆದಂತಾದರೆ ಸುಮ್ಮನಿರದೆ ಕೂಡಲೇ ಹೇಳಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಕೆಲವು ದಿನ ಸಕ್ಕರೆ ಏರಬಹುದು, ಮೊದಲೇ ತಿಳಿಸಬೇಕು. ಚುಚ್ಚಿದ ಜಾಗದಲ್ಲಿ ಚರ್ಮ ಬಿಳಿಚಿಕೊಳ್ಳುವುದೂ ಉಂಟು. ಮತ್ತೆ ಮತ್ತೆ ಚುಚ್ಚಿಸಿಕೊಳ್ಳುತ್ತಾ ಹೋಗುವುದು ಸರಿಯಲ್ಲ. ಎರಡು ಮೂರು ಸಲದ ಮೇಲೂ ತೊಂದರೆ ಮರಳಿದರೆ ಬೇರೆ ದಾರಿ ಯೋಚಿಸಬೇಕು. ಚುಚ್ಚುಮದ್ದು ಬೇಡವೆನ್ನುವವರಿಗೆ ವೈದ್ಯರು ಎರಡು ವಾರದ ಮಟ್ಟಿಗೆ ಸ್ಟಿರಾಯ್ಡ್ ಮಾತ್ರೆ ಕೊಡುವುದೂ ಇದೆ. ಇದನ್ನು ಮಾತ್ರ ಯಾರೂ ಅಂಗಡಿಯಿಂದ ತಾವೇ ತಂದು ನುಂಗಬಾರದು.

ಕೈ ಮತ್ತು ಬೆರಳು ಚಾಚುವ ವ್ಯಾಯಾಮಗಳನ್ನು ಫಿಸಿಯೋಥೆರಪಿಯವರು ಹೇಳಿಕೊಡುತ್ತಾರೆ. ಮಾಡಿದರೆ ತೊಂದರೆಯಿಲ್ಲ, ಆದರೆ ಅದೊಂದರಿಂದಲೇ ಗುಣವಾಗುತ್ತದೆಂದು ನಂಬಬೇಡಿ. ಮೂಳೆ ಕೂರಿಸುವವರ ಬಳಿ ಮಣಿಕಟ್ಟನ್ನು ಬಲವಾಗಿ ತಿರುಚಿಸಿಕೊಳ್ಳುವುದಂತೂ ಬೇಡವೇ ಬೇಡ.

ಕೆಲಸದ ರೀತಿಯಲ್ಲಿ ಸ್ವಲ್ಪ ಬದಲಾವಣೆ ಮಾಡಿಕೊಳ್ಳಬಹುದೇ? "ಕೈಗೆ ವಿಶ್ರಾಂತಿ ಕೊಡಿ" ಎಂದು ಚೀಟಿಯಲ್ಲಿ ಬರೆಯುವುದು ಸುಲಭ. ಸರ್ಕಾರ ನೇಮಿಸಿದ ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿನಲ್ಲಿ ಸೇರಿಸಿತ್ತು. ದಿನದ ಕೂಲಿಯನ್ನೇ ನಂಬಿದ ಮನೆಗಳಿರುವ ಅಂಥ ಕಡೆ ವಿಶ್ರಾಂತಿಯ ಮಾತು ಯಾರ ಕಿವಿಗೂ ಬೀಳದು. ಆದ್ದರಿಂದ ಆಗುವುದನ್ನಷ್ಟೇ ಹೇಳುತ್ತೇವೆ. ಕುರುಪಿಯ ಹಿಡಿ ತೆಳ್ಳಗಿದ್ದರೆ ಅದಕ್ಕೆ ಸೈಕಲ್ ಟ್ಯೂಬನ್ನೋ ಬಟ್ಟೆಯನ್ನೋ ಸುತ್ತಿ ದಪ್ಪ ಮಾಡಿದರೆ ಮುಷ್ಟಿ ಅಷ್ಟು ಬಿಗಿಯಬೇಕಾಗುವುದಿಲ್ಲ. ಒಂದು ಗಂಟೆ ಕಳೆ ತೆಗೆದ ಮೇಲೆ ಸ್ವಲ್ಪ ಹೊತ್ತು ಹೊರೆ ಹಾಕುವುದು, ಮತ್ತೆ ಕಳೆ, ಹೀಗೆ ಕೆಲಸ ಬದಲಾಯಿಸಿಕೊಳ್ಳುವುದನ್ನು ಜೊತೆಯವರೊಂದಿಗೆ ಮಾತಾಡಿಕೊಳ್ಳಬಹುದು. ಒದ್ದೆ ಬಟ್ಟೆಯನ್ನು ತಿರುಚಿ ಹಿಂಡುವ ಬದಲು ಹಗ್ಗದ ಮೇಲೆ ನೀರು ಸೋರಲು ಬಿಡುವುದು ಒಳ್ಳೆಯದು. ರೊಟ್ಟಿ ಬಡಿಯುವ ಕೆಲಸವನ್ನು ಮನೆಯ ಇನ್ನೊಬ್ಬರು 6 ವಾರದ ಮಟ್ಟಿಗೆ ಹಂಚಿಕೊಳ್ಳಬೇಕು. ಈ ಇನ್ನೊಬ್ಬರು ಗಂಡಸರೂ ಆಗಬಹುದು! ರೊಟ್ಟಿ ಮಾರುವ ಸಂಘಗಳು ರೊಟ್ಟಿ ಯಂತ್ರದ ಬಗ್ಗೆ ಯೋಚಿಸುವಾಗ ಸಮಯ ಮತ್ತು ಲಾಭದ ಜೊತೆಗೆ ಸದಸ್ಯರ ಕೈಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಬರುವ ಜೋಮು ಹೆಚ್ಚಾಗಿ ಹೆರಿಗೆಯ ನಂತರ ತಾನಾಗಿಯೇ ಇಳಿಯುತ್ತದೆ. ಅಲ್ಲಿಯ ತನಕ ರಾತ್ರಿ ಪಟ್ಟಿ ಸಾಕು. ಉಳಿದವರು ಒಮ್ಮೆ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಥೈರಾಯ್ಡ್ ಕೊರತೆ ಇದ್ದು ಅದಕ್ಕೆ ಮಾತ್ರೆ ಆರಂಭಿಸಿದ ಮೇಲೆ ಕೈಯ ಜೋಮೂ ಕಡಿಮೆಯಾಗುವುದುಂಟು.

ಶಸ್ತ್ರಚಿಕಿತ್ಸೆ ಇಲ್ಲದೆ ಗುಣಪಡಿಸುವ ಬಗ್ಗೆ ಇಷ್ಟು ಬರೆದ ನಾವು, ಅದರ ಮಿತಿಯನ್ನೂ ಸ್ಪಷ್ಟವಾಗಿ ಹೇಳಬೇಕು. ಹೆಬ್ಬೆರಳಿನ ಬುಡದಲ್ಲಿ ಅಂಗೈಯ ಮೇಲೆ ಉಬ್ಬಿದ ಮಾಂಸಖಂಡವಿದೆಯಲ್ಲ, ಎರಡೂ ಕೈಗಳನ್ನು ಅಕ್ಕಪಕ್ಕ ಇಟ್ಟು ಅದನ್ನು ನೋಡಿ. ಒಂದು ಕೈಯಲ್ಲಿ ಅದು ತಗ್ಗಾಗಿದ್ದರೆ, ಜೋಮು ಬಂದು ಹೋಗುವುದು ನಿಂತು ಹಗಲೂ ರಾತ್ರಿ ಇದ್ದರೆ, ಗುಂಡಿ ಹಾಕಲು, ಸೂಜಿ ಹಿಡಿಯಲು, ನೆಲದ ಮೇಲಿನ ನಾಣ್ಯ ಎತ್ತಲು ಆಗದಿದ್ದರೆ, ಪಟ್ಟಿ ಕಟ್ಟಿಕೊಂಡು ಕಾಯುವ ಕಾಲ ಮುಗಿದಿದೆ. ಅಂಥವರು ಬೇಗ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದೇ ಸರಿ. ತಡಮಾಡಿದರೆ ಒತ್ತಡ ತೆಗೆದ ಮೇಲೂ ಹೋದ ಶಕ್ತಿ ಪೂರ್ತಿ ಮರಳದೆ ಇರಬಹುದು. ಕೈಯಷ್ಟನ್ನೇ ಮರಗಟ್ಟಿಸಿ, ಆ ಗಟ್ಟಿ ಪಟ್ಟಿಯನ್ನು ಸೀಳಿ ನರಕ್ಕೆ ಜಾಗ ಮಾಡುವ ಚಿಕ್ಕ ಶಸ್ತ್ರಚಿಕಿತ್ಸೆ ಅದು, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳುಹಿಸುತ್ತಾರೆ. ಭಾರದ ಕೆಲಸಕ್ಕೆ ಮರಳಲು ಮಾತ್ರ ಕೆಲವು ವಾರ ಬೇಕಾಗುವುದರಿಂದ, ಆತುರವಿಲ್ಲದಿದ್ದರೆ ಹಂಗಾಮು ಮುಗಿದ ಮೇಲೆ ದಿನ ನಿಗದಿ ಮಾಡಿಕೊಳ್ಳಬಹುದು.

ಎಲ್ಲಿಗೆ ಹೋಗಬೇಕು? ಮಾನ್ವಿ ಮತ್ತು ದೇವದುರ್ಗದಲ್ಲಿ ತಾಲೂಕು ಆಸ್ಪತ್ರೆಗಳಿವೆ. ಸಕ್ಕರೆ ಪರೀಕ್ಷೆ, ಕುಷ್ಠರೋಗದ ತಪಾಸಣೆ, ಮೊದಲ ಸಲಹೆ ಅಲ್ಲೇ ಆಗಬಹುದು. ಮುಂದಿನ ಹಂತಕ್ಕೆ ರಾಯಚೂರು ನಗರದಲ್ಲಿ 2007ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಇದೆ. ನವೋದಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಅಲ್ಲೇ ಇದೆ. ಎರಡೂ ತಾಲೂಕು ಕೇಂದ್ರಗಳಿಂದ ರಾಯಚೂರಿಗೆ ಸುಮಾರು 50 ಕಿಲೋಮೀಟರ್. ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಆದ್ದರಿಂದ ಖಾಲಿ ಕೈಯಲ್ಲಿ ಕಳುಹಿಸಬಾರದು. ಯಾವ ಬೆರಳಿಗೆ ಜೋಮು, ಎಷ್ಟು ತಿಂಗಳಿಂದ, ಪಟ್ಟಿ ಎಷ್ಟು ವಾರ ಕಟ್ಟಿದ್ದಾರೆ, ಯಾವ ಮಾತ್ರೆ ಸೇವಿಸುತ್ತಿದ್ದಾರೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ವೈದ್ಯರಿಗೂ ಸುಲಭ, ರೋಗಿಗೂ ಎರಡನೇ ಸಲದ ಓಡಾಟ ತಪ್ಪಬಹುದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ಅನುಕೂಲಕ್ಕಾಗಿ ಪಡಿತರ ಚೀಟಿ ಮತ್ತು ಆಧಾರ್ ಕಾರ್ಡನ್ನು ಜೊತೆಗೆ ಒಯ್ಯಲು ಹೇಳಿ.

ಇನ್ನೊಂದು ಮಾತು ಅಡುಗೆಮನೆಯದು. ಸ್ಪರ್ಶ ಕಡಿಮೆಯಾದ ಬೆರಳಿಗೆ ಬಿಸಿ ಹಂಚು ತಾಗಿದರೂ ತಕ್ಷಣ ತಿಳಿಯುವುದಿಲ್ಲ. ರೊಟ್ಟಿಯನ್ನು ಬರಿಗೈಯಲ್ಲಿ ಮಗುಚುವ ರೂಢಿ ಇರುವವರು ಜೋಮು ಪೂರ್ತಿ ಹೋಗುವ ತನಕ ಚಿಮಟ ಅಥವಾ ಬಟ್ಟೆಯನ್ನು ಬಳಸಲಿ. ಬೆರಳ ತುದಿಯಲ್ಲಿ ನೋವಿಲ್ಲದ ಬೊಬ್ಬೆ ಕಂಡರೆ ಅದನ್ನು ಆಸ್ಪತ್ರೆಯಲ್ಲಿ ತೋರಿಸಲಿ.